ಓಮ್ನಿ ಮಾರಿದ ಲೆಕ್ಕ, ಜೊತೆಗೆ ಒಂದು ಮಾತು



ಇವತ್ತು ಸೊಪ್ಪು, ಗೊಬ್ಬರ, ಹುಳುವಿನ ವಿಷಯ ಅಲ್ಲ. ಹೋದ ತಿಂಗಳು ನಮ್ಮ ಮನೆ ಓಮ್ನಿ ಮಾರಿದೆ. ಹ್ಯಾಂಡ್‌ಪೋಸ್ಟಲ್ಲಿ ಟೀ ಕುಡಿಯುವಾಗ ಸಿಕ್ಕವರೆಲ್ಲ ಒಂದೇ ಕೇಳ್ತಾರೆ. "ಎಷ್ಟುಕ್ ಕೊಟ್ಟೆ? ಅಷ್ಟೊಂದ್ ಐಟಂ ಹಾಕ್ಸಿದ್ದಲ್ಲ, ಎಲ್ಲಾ ಬಿಚ್ಚಿ ಬೋಳು ಗಾಡಿ ಯಾಕ್ ಕೊಟ್ಟೆ? ತಲೆ ಕೆಟ್ಟದಾ?" ಒಬ್ಬೊಬ್ಬರಿಗೇ ಹೇಳಿ ಸಾಕಾಯ್ತು. ಅದಕ್ಕೆ ಇಲ್ಲೇ ಬರೆದುಬಿಡ್ತೀನಿ. ಸ್ವಲ್ಪ ಉದ್ದ ಆಗುತ್ತೆ, ಬಿಡುವಾದಾಗ ಓದಿ.

ನನ್ನ ಅಭಿಪ್ರಾಯ ಮೊದಲೇ ಹೇಳ್ತೀನಿ. ಆರ್‌ಸಿಯಲ್ಲಿ ಒಂದು, ಗಾಡಿಯಲ್ಲಿ ಇನ್ನೊಂದು ಇಟ್ಕೊಂಡು ಮಾರಬಾರದು. ಒಂದೋ ಆರ್‌ಸಿಗೆ ಬರೆಸಬೇಕು, ಇಲ್ಲಾ ಬಿಚ್ಚಿಸಬೇಕು. ಆಮೇಲೆ ಮಾರಬೇಕು. ಮಾರಿದ ಮೇಲೆ ಹೆಸರು ಬದಲಾಗೋವರೆಗೂ ಬೆನ್ನು ಬಿಡಬಾರದು. ಇಷ್ಟೇ ನಾನು ಹೇಳೋದು. ಇದು ಬುದ್ಧಿವಂತಿಕೆಯಿಂದ ಬಂದಿದ್ದಲ್ಲ, ಕೈ ಸುಟ್ಟುಕೊಂಡು ಬಂದಿದ್ದು.

ಗಾಡಿ ವಿಷಯ. 2013ರ ಮಾಡಲ್, ಪೆಟ್ರೋಲ್. 2016ರಲ್ಲಿ ನಾನು ಎರಡನೇ ಕೈಯಲ್ಲಿ ತಗೊಂಡೆ. ಓಮ್ನಿ ನಮ್ಮಂತೋರಿಗೆ ಹೇಳಿ ಮಾಡಿಸಿದ ಗಾಡಿ. ಹಿಂದಿನ ಸೀಟು ಎತ್ತಿದ್ರೆ ಗೂಡಿನ ಚೀಲ ಹೋಗುತ್ತೆ, ಸೀಟು ಹಾಕಿದ್ರೆ ಮನೆಮಂದಿ ಎಲ್ಲಾ ಬೆಟ್ಟಕ್ಕೆ ಹೋಗಿ ಮಾದಪ್ಪನ ನೋಡ್ಕೊಂಡು ಬರಬಹುದು. 2019ರಲ್ಲಿ ಕಂಪನಿಯವರು ತಯಾರು ಮಾಡೋದೇ ನಿಲ್ಲಿಸಿದ್ರು. ಅದಕ್ಕೇ ಒಳ್ಳೆ ಗಾಡಿ ಇದ್ರೆ ಈಗ್ಲೂ ಹುಡುಕಿಕೊಂಡು ಬರ್ತಾರೆ.

2018ರಲ್ಲಿ ಪೆಟ್ರೋಲ್ ರೇಟು ತಡೆಯೋಕಾಗದೆ ಒಬ್ಬ ಮೆಕ್ಯಾನಿಕ್ ಹತ್ರ ಗ್ಯಾಸ್ ಕಿಟ್ ಹಾಕಿಸಿದೆ. "ಆರ್‌ಸಿಗೆ ಬರೆಸ್ಬೇಕಾ?" ಅಂತ ಕೇಳಿದ್ದೆ. "ಯಾರ್ ಕೇಳ್ತಾರೆ ಬುಡಣ್ಣ" ಅಂದ. ನನಗೂ ಅದೇ ಬೇಕಾಗಿತ್ತು, ಬಿಟ್ಟೆ. ಆಮೇಲೆ ಮಗ ದೊಡ್ಡವನಾದ. ಅವನ ಆಸೆಗೆ ಒಂದೊಂದೇ ಬಂತು. ಲೆಕ್ಕ ಬರೆದಿಟ್ಟ ಪುಸ್ತಕ ತೆಗೆದು ನೋಡಿದೆ:

ಗ್ಯಾಸ್ ಕಿಟ್ – 18,000
ಅಲಾಯ್ ವೀಲು, ಅಗಲದ ಟೈರು – 24,000
ಸೆಟ್ಟು, ಸ್ಪೀಕರು, ಬಾಸ್ ಪೆಟ್ಟಿಗೆ – 11,000
ಮೇಲಿನ ಕ್ಯಾರಿಯರ್ – 4,000
ಮುಂದಿನ ಕಬ್ಬಿಣದ ಗಾರ್ಡು – 3,500
ಬಿಳಿ ಎಲ್‌ಇಡಿ ಲೈಟು – 2,500

ಒಟ್ಟು 63,000 ರೂಪಾಯಿ. ಒಂದು ಬೆಳೆ ಗೂಡಿನ ದುಡ್ಡು ಗಾಡಿ ಮೈಮೇಲೆ ಹಾಕಿದ್ದೆ.

ಈ ವರ್ಷ ಹುಳು ಮನೆ ಮೇಲಿನ ಶೀಟು ಬದಲಿಸಲೇಬೇಕಾಗಿತ್ತು. ಮಗ ಈಗ ಮೈಸೂರಲ್ಲಿ ಕೆಲಸದಲ್ಲಿದ್ದಾನೆ, ಗಾಡಿ ಓಡಿಸೋರು ಕಮ್ಮಿ. ಮಾರೋಣ ಅಂತ ತೀರ್ಮಾನ ಆಯ್ತು. ನಮ್ಮ ಕಡೆ ಅದೇ ವರ್ಷದ ಬರೀ ಗಾಡಿಗೆ 1,20,000 ಆಸುಪಾಸು ಹೇಳ್ತಿದ್ರು. ನಾನು ಅದಕ್ಕೆ ನನ್ನ 63,000 ಸೇರಿಸಿ 1,80,000 ಅಂದೆ. ಮೂರು ಸಾವಿರ ಚೌಕಾಸಿಗೆ ಅಂತ ಬಿಟ್ಟಿದ್ದೆ ನೋಡಿ, ನನ್ನ ದೊಡ್ಡ ಮನಸ್ಸು!

ಮೊದಲು ಬಂದವರು ಮಳವಳ್ಳಿ ಕಡೆಯ ಒಬ್ಬ ಹಿರಿಯರು. ಗಾಡಿ ಸುತ್ತ ಒಂದು ಸುತ್ತು ಬಂದ್ರು. ಅಲಾಯ್ ವೀಲು ನೋಡ್ಲಿಲ್ಲ, ಸೆಟ್ಟು ಹಾಕಿದ್ರೂ ಕೇಳ್ಲಿಲ್ಲ. ಬಾನೆಟ್ ಎತ್ತಿ, ಬಾಗಿಲ ಕೆಳಗೆ ತುಕ್ಕು ಕೆರೆದು ನೋಡಿ, ಸ್ಟೇರಿಂಗ್ ಪೂರ್ತಿ ತಿರುಗಿಸಿ ನೋಡಿದ್ರು. ಅಗಲದ ಟೈರು ಒಳಗೆ ಉಜ್ಜೋ ಸದ್ದು ಬಂತು. "ತಾಳಬೆಟ್ಟದ ತಿರುವಲ್ಲಿ ಇದು ಹೆಂಗ್ ಬತ್ತದ ಯಜಮಾನ್ರೇ?" ಅಂದ್ರು. 95,000 ಹೇಳಿ ಎದ್ದು ಹೋದ್ರು. ನನಗೆ ಸಿಟ್ಟು ಬಂತು. ಆದ್ರೆ ರಾತ್ರಿ ಮಲಗಿ ಯೋಚನೆ ಮಾಡಿದಾಗ ಅವರು ನೋಡಿದ್ದೇ ಸರಿ ಅನ್ನಿಸ್ತು.

ಹಿಂದೆ ನಮ್ಮಪ್ಪನ ಜೊತೆ ಮುಡುಕುತೊರೆ ದನದ ಜಾತ್ರೆಗೆ ಹೋಗ್ತಿದ್ದೆ. ಅಲ್ಲಿ ಕೆಲವರು ಎತ್ತಿನ ಕೊಂಬು ಹೆರೆದು, ಎಣ್ಣೆ ಸವರಿ, ಕಳಸ ಹಾಕಿ, ಗೆಜ್ಜೆ ಕಟ್ಟಿ ನಿಲ್ಲಿಸೋರು. ತಿಳಿದ ರೈತ ಕೊಂಬು ನೋಡ್ತಿರಲಿಲ್ಲ. ಬಾಯಿ ಬಿಡಿಸಿ ಹಲ್ಲು ನೋಡೋನು, ಸುಳಿ ನೋಡೋನು, ನಾಲ್ಕು ಹೆಜ್ಜೆ ನಡೆಸಿ ಕಾಲು ನೋಡೋನು. ಆಮೇಲೇ ಟವಲ್ ಅಡಿ ಬೆರಳು ಹಿಡಿಯೋದು. ಗೆಜ್ಜೆ ಕಳಸಕ್ಕೆ ಯಾರೂ ಒಂದು ಬೆರಳು ಜಾಸ್ತಿ ಕೊಡ್ತಿರಲಿಲ್ಲ. ನಮ್ಮಪ್ಪ ಮಾರುವಾಗ ಗೆಜ್ಜೆ ಬಿಚ್ಚಿಕೊಂಡೇ ಎತ್ತು ಕೊಡೋರು. ಒಂದು ಸಲ ಒದೆಯೋ ಎತ್ತು ಮಾರುವಾಗ ನಾನು ಸುಮ್ನಿರಿ ಅಂತ ಸನ್ನೆ ಮಾಡಿದ್ದಕ್ಕೆ ಎಲ್ಲರ ಮುಂದೆ ಬೈದಿದ್ರು. "ಒದ್ದಾಗ ಅವ್ನ್ ಮನೆ ಮೊಗ ಬೀಳ್ತದ ಕನ್ಲಾ, ನಿಂದಲ್ಲ" ಅಂದಿದ್ರು.

ಗಾಡಿ ವಿಷಯದಲ್ಲೂ ಅದೇ. ನಮ್ಮ ಮಗನಿಗೆ ಇಷ್ಟ ಆದ ವೀಲು ಕೊಳ್ಳೋನಿಗೆ ಖರ್ಚು. ನಮ್ಮ ಬಾಸ್ ಪೆಟ್ಟಿಗೆ ಅವನಿಗೆ ಚೀಲ ಇಡೋ ಜಾಗ ತಿನ್ನೋ ಪೆಟ್ಟಿಗೆ. ವೈರು ಎಲ್ಲೆಲ್ಲಿ ಕತ್ತರಿಸಿ ಜೋಡಿಸಿದ್ದಾರೋ ಅನ್ನೋ ಅನುಮಾನ ಬೇರೆ. ಆ ಅನುಮಾನಕ್ಕೇ ಅವನು ಬೆಲೆ ಕಡಿಮೆ ಮಾಡ್ತಾನೆ. ಬೆಲೆ ತರೋದು ಬೇರೆ: ಒಳ್ಳೆ ಟೈರು, ಹೊಸ ಬ್ಯಾಟರಿ, ತುಕ್ಕಿಲ್ಲದ ಬಾಡಿ, ಆಯಿಲ್ ಬದಲಿಸಿದ ಬಿಲ್ಲು, ಚಾಲ್ತಿಯಲ್ಲಿರೋ ಇನ್ಶೂರೆನ್ಸು.

ಎರಡನೇ ಬಾರಿ ಬಂದವನು ಬ್ರೋಕರ್. ಒಂದೇ ಮಾತಿಗೆ 1,30,000 ಅಂದ. ಗ್ಯಾಸ್ ಕಿಟ್ ಇರೋದಕ್ಕೇ ಆ ಬೆಲೆ. "ಆರ್‌ಸಿ ಗೀರ್ಸಿ ಏನೂ ಮಾತಾಡ್ಬೇಡಿ. ಸೈನ್ ಹಾಕಿ ಖಾಲಿ ಫಾರಂ ಕೊಡಿ, ನಾನ್ ನೋಡ್ಕೊತೀನಿ" ಅಂದ. ನನಗೆ ಆಸೆ ಆಯ್ತು, ಸುಳ್ಳು ಹೇಳಲ್ಲ. ಹುಳು ಮನೆ ಶೀಟಿನ ರೇಟು ಕೇಳಿಕೊಂಡು ಬಂದಿದ್ದೆ ಅವತ್ತೇ. ನಾಳೆ ಹೇಳ್ತೀನಿ ಅಂದೆ.

ಅವತ್ತೇ ಸಾಯಂಕಾಲ ಯಳಂದೂರು ಕಡೆಯಿಂದ ಗಂಡ ಹೆಂಡ್ತಿ, ಕೈಗೂಸು ಎತ್ಕೊಂಡು ಬಂದ್ರು. ಹುಡುಗ ನಮ್ಮ ಹಂಗೇ ರೇಷ್ಮೆ ಮಾಡೋನು, ಒಂದೂವರೆ ಎಕರೆ. ಅವನು ಮುಂದೆ ಕೂತು ಸ್ಟಾರ್ಟ್ ಮಾಡಿದ. ಆಯಮ್ಮ ಮಗು ಮಡಿಲಲ್ಲಿ ಹಾಕ್ಕೊಂಡು ಹಿಂದಿನ ಸೀಟಲ್ಲಿ ಕೂತ್ರು. ಆ ಸೀಟಿನ ಬೆನ್ನಿಗೇ ಗ್ಯಾಸ್ ಟ್ಯಾಂಕು. ಮೇಲೆ ಚಾಪೆ ಹಾಸಿ ಮುಚ್ಚಿದ್ದೆ. "ಅಣ್ಣ, ಏನೋ ವಾಸ್ನೆ ಬತ್ತದಲ್ಲ" ಅಂದ್ರು ಆಯಮ್ಮ. "ಹಳೇ ಗಾಡಿ ಕಣವ್ವ" ಅಂತ ಬಾಯಿಗೆ ಬಂದಿತ್ತು. ನಮ್ಮಪ್ಪನ ಮಾತು ನೆನಪಾಯ್ತು.

ಗಾಡಿ ಆಫ್ ಮಾಡಿಸಿ, ಇಳಿಸಿ, ಚಾಪೆ ಎತ್ತಿ ತೋರಿಸಿದೆ. ಇದು ಆರ್‌ಸಿಯಲ್ಲಿಲ್ಲ, ಇನ್ಶೂರೆನ್ಸಲ್ಲಿ ಇಲ್ಲ, ಟ್ಯಾಂಕು ಹಾಕಿಸಿದ ಮೇಲೆ ಒಂದು ಸಲಾನೂ ಪರೀಕ್ಷೆ ಮಾಡಿಸಿಲ್ಲ ಅಂತ ಹೇಳಿದೆ. ಹುಡುಗ ಸುಮ್ಮನಾದ. "ಯೋಚ್ನೆ ಮಾಡ್ತೀವಿ ಅಣ್ಣ" ಅಂತ ಹೋದ್ರು. ನನ್ನ ಹೆಂಡ್ತಿ ಒಂದು ಮಾತೂ ಆಡಲಿಲ್ಲ, ಕಾಫಿ ಲೋಟ ಎತ್ಕೊಂಡು ಒಳಗೆ ಹೋದಳು.

ಇನ್ನೊಂದು ತಪ್ಪು ಒಪ್ಪಿಕೊಳ್ಳಬೇಕು. ನಾನು ಆಟೋ ಗ್ಯಾಸಿಗೆ ಮೈಸೂರಿಗೆ ಹೋಗಬೇಕಾಗಿತ್ತು. ಹೋಗೋಕೆ ಆಗದೆ ಎರಡು ಸಲ ಮನೆ ಸಿಲಿಂಡರಿಂದಲೇ ತುಂಬಿಸಿದ್ದೆ. ಬರೆಯೋಕೆ ನಾಚಿಕೆ ಆಗುತ್ತೆ. ಅಡಿಗೆ ಗ್ಯಾಸ್ ಗಾಡಿಗೆ ಬಳಸೋದು ಕಾನೂನಿಗೆ ವಿರುದ್ಧ ಅನ್ನೋದು ಒಂದು ಕಡೆ. ಇನ್ನೊಂದು ಕಡೆ, ಈ ಗ್ಯಾಸ್ ಗಾಳಿಗಿಂತ ಭಾರ. ಸೋರಿದ್ರೆ ಮೇಲೆ ಹೋಗಲ್ಲ, ಗಾಡಿ ತಳದಲ್ಲೇ ನಿಲ್ಲುತ್ತೆ. ಓಮ್ನಿಯಂಥ ಮುಚ್ಚಿದ ಗಾಡಿಯಲ್ಲಿ ಒಂದು ಕಿಡಿ ಸಾಕು. ಟ್ಯಾಂಕು ಪೂರ್ತಿ ತುಂಬಬಾರದು, ಶೇ. 80ಕ್ಕೆ ನಿಲ್ಲಿಸಬೇಕು, ಯಾಕಂದ್ರೆ ಬಿಸಿಲಿಗೆ ಗ್ಯಾಸ್ ಹಿಗ್ಗೋಕೆ ಜಾಗ ಬೇಕು. ನಾವು ಹಟ್ಟಿಯಲ್ಲಿ ಪೈಪು ಹಾಕಿ ತುಂಬುವಾಗ ಇದನ್ನೆಲ್ಲ ಯಾರು ನೋಡಿದ್ವಿ?

ಈಗ ಕಾನೂನು ಏನು ಹೇಳುತ್ತೆ ನೋಡಿ. ಮಗ ಫೋನಲ್ಲಿ ಹುಡುಕಿ ಓದಿ ಹೇಳಿದ, ಆಮೇಲೆ ನಾನೂ ವಿಚಾರಿಸಿದೆ. 1988ರ ಮೋಟಾರು ವಾಹನ ಕಾಯ್ದೆ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೂ ಆರ್‌ಸಿ ವಿವರಕ್ಕೂ ವ್ಯತ್ಯಾಸ ಬರೋ ಹಂಗೆ ಗಾಡಿ ಬದಲಿಸಬಾರದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಗಟ್ಟಿಯಾಗಿ ಹೇಳಿತು. ಗ್ಯಾಸ್ ಕಿಟ್ಟಿಗೆ ಮಾತ್ರ ಅದೇ ಸೆಕ್ಷನ್ನಲ್ಲಿ ದಾರಿ ಇದೆ. ಒಪ್ಪಿಗೆ ಪಡೆದ ಕಿಟ್ಟು ಹಾಕಿಸಿ, ಆರ್‌ಸಿಯಲ್ಲಿ ಇಂಧನ ಬದಲಿಸಿಕೊಂಡ್ರೆ ಏನೂ ತೊಂದ್ರೆ ಇಲ್ಲ. ಅಂದ್ರೆ ನಾನು ಕಿಟ್ಟು ಹಾಕಿಸಿದ್ದು ತಪ್ಪಲ್ಲ, ಬರೆಸದೆ ಇದ್ದದ್ದು ತಪ್ಪು. 2019ರ ತಿದ್ದುಪಡಿಯಲ್ಲಿ ಗಾಡಿ ಹಿಂಗೆ ಬದಲಿಸಿದ ಮಾಲೀಕನಿಗೆ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಅಂತ ಇದೆ. ಮುಂದಿನ ಕಬ್ಬಿಣದ ಗಾರ್ಡಿನ ಮೇಲೆ ಕ್ರಮ ತಗೊಳ್ಳಿ ಅಂತ ಕೇಂದ್ರ ಸರ್ಕಾರ 2017ರ ಡಿಸೆಂಬರಲ್ಲೇ ರಾಜ್ಯಗಳಿಗೆ ಬರೆದಿದೆ. ಎದುರಿಗೆ ನಡೆದು ಬರೋನಿಗೆ ತಗುಲಿದ್ರೆ ಆ ಗಾರ್ಡು ಮೂಳೆ ಮುರಿಯುತ್ತೆ. ಗುದ್ದಿದಾಗ ಏಟು ನೇರ ಚಾಸಿಗೆ ಹೋಗುತ್ತೆ.

ಬಿಳಿ ಲೈಟಿನ ಬಗ್ಗೆ ಕೋರ್ಟು ಬೇಡ, ನಮ್ಮ ಅನುಭವ ಸಾಕು. ಕಬ್ಬು ಕಡಿಯೋ ಕಾಲದಲ್ಲಿ ಕೊಳ್ಳೇಗಾಲದ ರಸ್ತೆಯಲ್ಲಿ ರಾತ್ರಿ ಎತ್ತಿನ ಗಾಡಿ ಹಿಂದೆ ಒಂದು ದೀಪ ಇರಲ್ಲ. ಎದುರಿಂದ ಈ ಲೈಟು ಕಣ್ಣಿಗೆ ಹೊಡೆದ್ರೆ ಮುಂದಿರೋ ಗಾಡಿ ಕಾಣೋದೇ ಇಲ್ಲ. ನಾನೂ ಎಷ್ಟು ಜನರ ಕಣ್ಣು ಕುರುಡು ಮಾಡಿದ್ನೋ.

ಮಾರನೇ ದಿನ ಬ್ರೋಕರಿಗೆ ಆಗಲ್ಲ ಅಂದೆ. ಕಿಟ್ಟು, ಟ್ಯಾಂಕು ತಿಳಿದವರ ಕೈಲಿ ಖಾಲಿ ಮಾಡಿಸಿ ಬಿಚ್ಚಿಸಿದೆ. ಅದನ್ನ ಇನ್ನೊಬ್ಬರ ಗಾಡಿಗೆ ಹಾಕೋಕೆ ಕೊಡಲಿಲ್ಲ, ಗುಜರಿಗೆ ಹೋಯ್ತು. ಪೆಟ್ರೋಲ್ ಪೈಪು, ವೈರಿಂಗು ಸರಿ ಮಾಡಿಸೋಕೆ 3,500. ಹಳೇ ಕಬ್ಬಿಣದ ರಿಮ್ಮು ಕೊಟ್ಟಿಗೆಯಲ್ಲೇ ಇತ್ತು, ಒಂದು ನೀರಿನ ಡ್ರಮ್ಮಿನ ಅಡಿಯಿಂದ ತೆಗೆದೆ. ಅದಕ್ಕೆ ಒಳ್ಳೆ ಸ್ಥಿತಿಯ ಹಳೇ ಟೈರು 6,000. ಅಲಾಯ್ ವೀಲು ಟೈರು ಸಮೇತ ಬೇರೆ ಮಾರಿದ್ದು 9,000. ಸೆಟ್ಟು, ಪೆಟ್ಟಿಗೆ 4,000. ಗಾರ್ಡು, ಲೈಟು ಮನೆಯಲ್ಲೇ ಬಿದ್ದಿವೆ. ಕ್ಯಾರಿಯರ್ ಬೋಲ್ಟು ಬಿಚ್ಚಿ ಕೆಳಗೆ ಇಟ್ಟೆ, ಬೇಕಾದೋರು ತಗೊಳ್ಲಿ ಅಂತ.

ಆಮೇಲೆ ಯಳಂದೂರಿನ ಆ ಹುಡುಗನಿಗೆ ನಾನೇ ಫೋನ್ ಮಾಡಿದೆ. "ಎಲ್ಲಾ ಬಿಚ್ಸಿವ್ನಿ ಕಣಪ್ಪ, ಈಗ ಆರ್‌ಸಿಯಲ್ಲಿ ಇದ್ದಂಗೇ ಗಾಡಿ ಅದ. ನಿಂಗೆ ಬೇಕಾದ ಮೆಕ್ಯಾನಿಕ್ ಕರ್ಕೊಂಡು ಬಾ" ಅಂದೆ. ಬಂದು ಓಡಿಸಿ ನೋಡಿದ್ರು. 1,15,000ಕ್ಕೆ ಆಯ್ತು. ಕ್ಯಾರಿಯರ್ ಸುಮ್ಮನೆ ಕೊಟ್ಟೆ.

ಲೆಕ್ಕ: 1,15,000 ಜೊತೆ 9,000 ಜೊತೆ 4,000, ಒಟ್ಟು 1,28,000. ಖರ್ಚು 9,500 ಕಳೆದ್ರೆ ಕೈಗೆ ಬಂದಿದ್ದು 1,18,500. ಬ್ರೋಕರ್ ಹೇಳಿದ್ದಕ್ಕಿಂತ 11,500 ಕಮ್ಮಿ. ಆ ದುಡ್ಡಿಗೆ ಒಂದಷ್ಟು ಹೊಸ ಚಂದ್ರಿಕೆ ಬರ್ತಿದ್ವು. ನಷ್ಟ ಇಲ್ಲ ಅಂತ ನಾನು ಹೇಳಲ್ಲ. ಆದ್ರೆ ಆ 1,30,000 ಎಲ್ಲಿಂದ ಬರ್ತಿತ್ತು ಯೋಚನೆ ಮಾಡಿ. ಬ್ರೋಕರ್ ತನ್ನ ಜೇಬಿಂದ ಕೊಡ್ತಿರಲಿಲ್ಲ. ನನ್ನ ಹಂಗೇ ಚಾಪೆ ಹಾಸಿ ಮುಚ್ಚಿ, ಇನ್ನೊಬ್ಬ ರೈತನಿಗೆ ಇನ್ನೂ ಜಾಸ್ತಿಗೆ ಹಚ್ಚೋನು. ಆ ರೈತನ ಗಾಡಿಗೆ ಬೆಂಕಿ ಬಿದ್ರೆ ಇನ್ಶೂರೆನ್ಸ್ ಕಂಪನಿಯವರು ಹೇಳದ ಕಿಟ್ಟು ಇದೆ ಅಂತ ಕ್ಲೇಮಿಗೆ ತಕರಾರು ತೆಗೀತಾರೆ. ಪಾಲಿಸಿಯಲ್ಲಿ ಕಿಟ್ಟಿಗೆ ಬೇರೆ ಕಾಲಂ ಇರೋದೇ ಅದಕ್ಕೆ. ಆರ್‌ಸಿ 15 ವರ್ಷ ಮುಗಿದು ರಿನೀವಲ್ಲಿಗೆ ಹೋದಾಗ ಗಾಡಿ ತೋರಿಸಬೇಕು, ಅಲ್ಲೂ ಸಿಕ್ಕಿಹಾಕಿಕೊಳ್ಳೋನು ಅವನೇ.

ಇನ್ನು ಬ್ರೋಕರ್ ಕೇಳಿದ ಖಾಲಿ ಫಾರಂ ವಿಷಯ. ಇದರಲ್ಲಿ ನಮ್ಮವರು ಬಹಳ ಜನ ಮೋಸ ಹೋಗ್ತಾರೆ. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಒಂದು ತೀರ್ಪು ಕೊಟ್ಟಿತು. ಒಂದು ಕಾರು ಮಾರಾಟ ಆಗಿ ಕೈಯಿಂದ ಕೈಗೆ ಹೋಗಿತ್ತು, ಆರ್‌ಸಿ ಮಾತ್ರ ಮೊದಲನೆಯವನ ಹೆಸರಲ್ಲೇ ಉಳಿದಿತ್ತು. ಅಪಘಾತ ಆಯ್ತು. ದಾಖಲೆಯಲ್ಲಿ ಯಾರ ಹೆಸರು ಇದೆಯೋ ಅವನೇ ಮಾಲೀಕ, ಪರಿಹಾರದ ಹೊಣೆ ಅವನದ್ದೇ ಅಂತ ಕೋರ್ಟು ಹೇಳಿತು. ಯಾವತ್ತೋ ಮಾರಿ ಮರೆತ ಗಾಡಿಗೆ ಹೊಲ ಮಾರಿ ದುಡ್ಡು ಕಟ್ಟೋ ಪರಿಸ್ಥಿತಿ ಬರಬಹುದು. ಗಾಡಿಯಲ್ಲಿ ಬರೆಸದ ಕಿಟ್ಟು ಇದ್ರೆ ಕೊಂಡವನು ಹೆಸರು ಬದಲಿಸೋಕೆ ಹೋಗೋದೇ ಇಲ್ಲ, ಯಾಕಂದ್ರೆ ಹೋದ್ರೆ ಸಿಕ್ಕಿಬೀಳ್ತೀನಿ ಅಂತ ಅವನಿಗೂ ಭಯ. ಹಂಗಾಗಿ ನಾವು ಮುಚ್ಚಿಟ್ಟ ಕಿಟ್ಟು ಸುತ್ತಿ ಬಂದು ನಮ್ಮ ಕುತ್ತಿಗೆಗೇ ಬೀಳುತ್ತೆ.

ಅದಕ್ಕೆ ನಾನು ಮಾಡಿದ್ದು ಹೇಳ್ತೀನಿ, ಬೇಕಾದೋರು ಮಾಡಿ.

1. ಫಾರಂ 29, 30 ಭರ್ತಿ ಮಾಡಿ, ಕೊಳ್ಳೋನ ಹೆಸರು, ತಾರೀಕು, ಸಮಯ ಬರೆದೇ ಸೈನ್ ಹಾಕಿದೆ. ಖಾಲಿ ಫಾರಮ್ಮಿಗೆ ಸೈನ್ ಹಾಕಲಿಲ್ಲ. ರಾಜ್ಯದ ಒಳಗೆ ಮಾರಿದ್ರೆ ಮಾರಿದವನು 14 ದಿನದೊಳಗೆ ಆರ್‌ಟಿಓಗೆ ತಿಳಿಸಬೇಕು, ಕೊಂಡವನಿಗೆ 30 ದಿನ ಟೈಮು.

2. ಬೆಲೆ ಮೇಲೆ 5,000 ಠೇವಣಿ ಇಸ್ಕೊಂಡೆ. ಆರ್‌ಸಿ ಅವನ ಹೆಸರಿಗೆ ಆದ ದಿನ ವಾಪಸ್ ಅಂತ ಮಾತು. ಹೆಸರು ಬದಲಾದ ಮೆಸೇಜು ತೋರಿಸಿದ, ದುಡ್ಡು ವಾಪಸ್ ಕೊಟ್ಟೆ.

3. ನಮಗೆ ಹತ್ತಿರ ಅಂತ ಸತ್ಯಮಂಗಲ, ಮೇಟೂರು ಕಡೆಯೋರೂ ಗಾಡಿ ಕೇಳ್ತಾರೆ. ತಮಿಳುನಾಡಿಗೆ ಕೊಡೋದಾದ್ರೆ ಫಾರಂ 28ರಲ್ಲಿ ಎನ್‌ಓಸಿ ಬೇಕು. ಅದಿಲ್ಲದೆ ಗಾಡಿ ಕಳಿಸಬೇಡಿ.

4. ವ್ಯಾಪಾರಿಗೆ ಕೊಡೋದಾದ್ರೆ 2023ರ ಏಪ್ರಿಲ್ 1ರಿಂದ ಹೊಸ ನಿಯಮ ಇದೆ. ಹಳೇ ಗಾಡಿ ವ್ಯಾಪಾರಿಗೆ ಆರ್‌ಟಿಓ ಅನುಮತಿ ಪತ್ರ ಇರಬೇಕು. ಗಾಡಿ ಒಪ್ಪಿಸಿದ್ದನ್ನ ಫಾರಂ 29ಸಿಯಲ್ಲಿ ಆನ್‌ಲೈನ್ ತಿಳಿಸಬೇಕು. ಅದಾದ ಮೇಲೆ ಹೊಣೆ ಅವನದ್ದು. "ಅನುಮತಿ ಪತ್ರ ತೋರಿಸಪ್ಪ" ಅಂತ ಕೇಳಿ, ತೋರಿಸದಿದ್ರೆ ಗಾಡಿ ಕೊಡಬೇಡಿ.

5. ಸಾಲ ತೀರಿದ್ರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಉಳಿದಿದ್ರೆ ಫಾರಂ 35 ಕೊಟ್ಟು ತೆಗೆಸಿ. ಫಾಸ್ಟ್‌ಟ್ಯಾಗ್ ಬಂದ್ ಮಾಡಿಸಿ. ಹಳೇ ದಂಡ ಇದ್ರೆ ಕಟ್ಟಿಬಿಡಿ.

ಕೆಲವರು ಹೇಳ್ತಾರೆ, "ಆರ್‌ಸಿಗೆ ಬರೆಸೋಕೆ ಚಾಮರಾಜನಗರಕ್ಕೆ ಓಡಾಡ್ಬೇಕು, ದಿನದ ಕೂಲಿ ಹೋಯ್ತದ, ಹುಳು ನಾಲ್ಕನೇ ಜ್ವರದಲ್ಲಿರುವಾಗ ಯಾರ್ ಹೋಗ್ತಾರೆ?" ಅಂತ. ಮಾತು ಸುಳ್ಳಲ್ಲ. ನಾನೂ ಅದೇ ನೆಪ ಹೇಳಿಕೊಂಡು ಅಷ್ಟು ವರ್ಷ ತಳ್ಳಿದೆ. ಆದ್ರೆ ಆ ಒಂದು ದಿನದ ಕೂಲಿ ಉಳಿಸೋಕೆ ಹೋಗಿ 18,000ದ ಕಿಟ್ಟು ಗುಜರಿಗೆ ಹಾಕಿದೆ. ಬರೆಸಿದ್ದಿದ್ರೆ ಅದೇ ಕಿಟ್ಟು ಗಾಡಿಗೆ ಬೆಲೆ ತರ್ತಿತ್ತು. 63,000 ಹಾಕಿದ್ದರಲ್ಲಿ ಕಾಗದ ಇದ್ದಿದ್ರೆ ಉಳೀತಿದ್ದ ಐಟಂ ಅದೊಂದೇ.

ಇದು ಕಾರಿಗೆ ಮಾತ್ರ ಅಲ್ಲ. ಪಿಕಪ್ಪಿಗೆ ಪಟ್ಟಿ ಸೇರಿಸಿ, ಬಾಡಿ ಎತ್ತರಿಸಿ ಜಾಸ್ತಿ ಲೋಡು ಹಾಕೋದು, ಟ್ರ್ಯಾಕ್ಟರಿಗೆ ಕಂಬದಂಥ ಬಂಪರು, ಆಳೆತ್ತರದ ಸ್ಪೀಕರ್ ಪೆಟ್ಟಿಗೆ ಕಟ್ಟೋದು, ಎಲ್ಲದಕ್ಕೂ ಇದೇ ಲೆಕ್ಕ. ಹುಡುಗರ ಆಸೆಗೆ ಬೇಡ ಅನ್ನೋಕಾಗಲ್ಲ, ನಾನೂ ಅನ್ನಲಿಲ್ಲ. ಹಾಕಿಸಿ, ಆದ್ರೆ ಬಿಚ್ಚೋಕೆ ಬರೋ ಹಂಗೆ ಹಾಕಿಸಿ. ಕಂಪನಿ ವೈರು ಕತ್ತರಿಸೋಕೆ ಬಿಡಬೇಡಿ. ಬಿಚ್ಚಿದ ರಿಮ್ಮು, ಸೆಟ್ಟು, ಲೈಟು ಗುಜರಿಗೆ ಹಾಕಬೇಡಿ, ಅಟ್ಟದ ಮೇಲೆ ಇಡಿ. ಮಾರುವಾಗ ಅದೇ ಬೇಕಾಗುತ್ತೆ.

ಮೊನ್ನೆ ಸೋಮವಾರ ಆ ಹುಡುಗ ಫೋನ್ ಮಾಡಿದ್ದ. ಗಾಡಿ ಕೆಟ್ಟಿದೆಯೇನೋ ಅಂತ ಎದೆ ಧಸಕ್ ಅಂತು. "ಅಣ್ಣ, ಮೊದಲ ಗೂಡು ಇದ್ರಲ್ಲೇ ತಗೊಂಡೋದೆ. ವಾಸ್ನೆ ಇಲ್ಲ ಅಂತ ನಿಮ್ ತಂಗಿ ಹೇಳ್ತಾಳೆ" ಅಂದ.

ಹುಳು ಮನೆಗೆ ಶೀಟು ಅರ್ಧ ಹಾಕಿಸಿದ್ದೀನಿ. ಉಳಿದರ್ಧ ಮುಂದಿನ ಬೆಳೆಗೆ. ಗಾರ್ಡು, ಲೈಟು ಕೊಟ್ಟಿಗೆಯಲ್ಲಿವೆ, ಗಾಡಿಗೆ ಹಾಕೋಕೆ ಅಂತ ಯಾರೂ ಕೇಳಬೇಡಿ. ಗಾರ್ಡು ಬೇಲಿ ಗೇಟಿಗೆ ಬೆಸೀತೀನಿ.

ಸರಿ, ಸೊಪ್ಪು ಕೊಯ್ಯೋ ಹೊತ್ತಾಯ್ತು. ಬರ್ತೀನಿ.